ದೊಡ್ಡ ಟೈರಿಗೆ ತಕ್ಕ ಇರುಸು

ಮೋಟಾರು ವಾಹನದ ಎಂಜಿನ್ನಿಗೂ ನೆಲಕ್ಕೂ ನಡುವೆ ಇರುವ ಅಂಗಗಳಲ್ಲಿ ಇರುಸಿನಷ್ಟು ಅಲಕ್ಷ್ಯಕ್ಕೆ ಗುರಿಯಾದುದು ಮತ್ತೊಂದಿಲ್ಲ. ಎಂಜಿನ್ನಿನ ಶಕ್ತಿಯನ್ನು ಕುರಿತು ಎಲ್ಲರೂ ಮಾತನಾಡುತ್ತಾರೆ. ಟೈರುಗಳನ್ನು ಎಲ್ಲರೂ ಕಣ್ಣಾರೆ ಕಾಣುತ್ತಾರೆ. ಇವೆರಡರ ನಡುವೆ, ಉಕ್ಕಿನ ಕೊಳವೆಯೊಳಗೆ ಅಡಗಿ ತಿರುಗುವ, ಹಾರೆಯಷ್ಟು ದಪ್ಪದ ದಂಡವೊಂದು ಎಷ್ಟು ಭಾರವನ್ನು ಹೊರುತ್ತಿದೆಯೆಂಬುದು ಅದು ಮುರಿದ ದಿನವೇ ತಿಳಿಯುವುದು ವಾಡಿಕೆ. ಆ ಮುರಿತವಾದರೂ ಸಾಮಾನ್ಯವಾಗಿ ಸಮತಟ್ಟಾದ ರಸ್ತೆಯಲ್ಲಿ ಆಗುವುದಿಲ್ಲ. ವಾಹನವು ಕಡಿದಾದ ಬಂಡೆಯನ್ನು ಏರುತ್ತಿರುವಾಗ, ಹಿಂದಕ್ಕೆ ಜಾರಿದರೆ ಪ್ರಾಣಕ್ಕೆ ಸಂಚಕಾರ ಬರುವಂತಹ ಜಾಗದಲ್ಲಿ ಆಗುತ್ತದೆ. ಆದುದರಿಂದ ಟೈರಿನ ಗಾತ್ರಕ್ಕೂ ಇರುಸಿನ ಬಲಕ್ಕೂ ಇರುವ ಸಂಬಂಧವನ್ನು ಯಂತ್ರಶಾಸ್ತ್ರದ ಮೊದಲ ಸೂತ್ರಗಳಿಂದಲೇ ವಿಚಾರಿಸಿ ನೋಡುವುದು ನಿಷ್ಪ್ರಯೋಜಕವಾಗದೆಂದು ನಾವು ಭಾವಿಸುತ್ತೇವೆ.

ರಸ್ತೆಯಿಲ್ಲದ ಕಡೆ ವಾಹನ ನಡೆಸುವವರು ದೊಡ್ಡ ಟೈರನ್ನು ಬಯಸುವುದು ಬರಿಯ ಆಡಂಬರಕ್ಕಾಗಿ ಅಲ್ಲ. ಸ್ಪ್ರಿಂಗುಗಳನ್ನು ಎತ್ತರಿಸಿದರೆ ವಾಹನದ ಒಡಲು ಮೇಲೇರುತ್ತದೆ. ಆದರೆ ಇರುಸಿನ ನಡುವೆ ಜೋಲುವ ಡಿಫರೆನ್ಷಿಯಲಿನ ಗುಂಡು ಮೊದಲಿದ್ದ ಎತ್ತರದಲ್ಲಿಯೇ ಉಳಿದು ಕಲ್ಲಿಗೆ ತಾಗುತ್ತದೆ. ಅದನ್ನು ನೆಲದಿಂದ ಮೇಲಕ್ಕೆತ್ತುವ ಸುಲಭೋಪಾಯ ಟೈರಿನ ತ್ರಿಜ್ಯವನ್ನು ಹೆಚ್ಚಿಸುವುದೊಂದೇ. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಸಿಯೆರ ನೆವಾಡ ಪರ್ವತಗಳಲ್ಲಿರುವ ರೂಬಿಕಾನ್ ಹಾದಿಯಲ್ಲಿ 1953ರಿಂದಲೂ, ಯೂಟಾ ಪ್ರಾಂತದ ಮೋಆಬ್ ಪಟ್ಟಣದ ಸುತ್ತಣ ಬಂಡೆಗಳಲ್ಲಿ 1967ರಿಂದಲೂ ಜೀಪುಗಳ ಸಾಮೂಹಿಕ ಯಾತ್ರೆಗಳು ನಡೆಯುತ್ತಾ ಬಂದಿವೆ. ಇಂತಹ ಹಾದಿಗಳಲ್ಲಿ ಹೆಚ್ಚಾಗಿ ಕಾಣಬರುವ ವಾಹನವೊಂದನ್ನು ನಮ್ಮ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದು 1997ರಿಂದ 2006ರ ವರೆಗಿನ ಮಾದರಿಗಳಲ್ಲಿ ಹೊರಬಂದ ಜೀಪ್ ರ‍್ಯಾಂಗ್ಲರ್ ಟಿಜೆ. ಅದರಲ್ಲಿಯೂ 4 ಲೀಟರಿನ ಆರು ಸಿಲಿಂಡರಿನ ಎಂಜಿನ್ನೂ ಐದು ಗೇರುಗಳ ಪೆಟ್ಟಿಗೆಯೂ ಉಳ್ಳದ್ದು.

ಈ ವಾಹನದ ಮೂಲ ಟೈರುಗಳಲ್ಲಿ ಒಂದರ ಮೇಲೆ 225/75 ಆರ್ 15 ಎಂಬ ಗುರುತಿರುತ್ತದೆ. ಟೈರಿನ ಅಗಲ 225 ಮಿಲಿಮೀಟರು. ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 75 ಭಾಗ, ಎಂದರೆ 169 ಮಿಲಿಮೀಟರು. ರಿಮ್ಮಿನ ವ್ಯಾಸ 15 ಇಂಚು, ಎಂದರೆ 381 ಮಿಲಿಮೀಟರು. ಎರಡು ಗೋಡೆಗಳನ್ನೂ ರಿಮ್ಮನ್ನೂ ಕೂಡಿದರೆ ಒಟ್ಟು ವ್ಯಾಸ ಸುಮಾರು 719 ಮಿಲಿಮೀಟರು ಅಥವಾ 28.3 ಇಂಚಾಗುತ್ತದೆ. ಇದರ ಸ್ಥಾನದಲ್ಲಿ 35 ಇಂಚಿನ ಟೈರನ್ನು ತೊಡಿಸಿದರೆ ವ್ಯಾಸವು 1.24 ಪಟ್ಟಾಗುತ್ತದೆ. ಭಾರದಿಂದ ಕೆಳಭಾಗ ತುಸು ಚಪ್ಪಟೆಯಾಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡು, ಗಾಲಿಯ ಕೇಂದ್ರದಿಂದ ನೆಲಕ್ಕಿರುವ ದೂರವನ್ನು ಮೊದಲನೆಯದಕ್ಕೆ 0.34 ಮೀಟರೆಂದೂ ಎರಡನೆಯದಕ್ಕೆ 0.42 ಮೀಟರೆಂದೂ ಇಟ್ಟುಕೊಳ್ಳೋಣ. ಇರುಸು 8 ಸೆಂಟಿಮೀಟರಿನಷ್ಟು ಮೇಲೇರಿತು. ಅದಕ್ಕೆ ತೆರಬೇಕಾದ ಬೆಲೆ ಏನೆಂಬುದೇ ಈಗಿನ ಪ್ರಶ್ನೆ.

ಗರಾಜಿನವರು ಟಾರ್ಕ್ ಎನ್ನುವ ತಿರುಚುಬಲವು ಬಲವನ್ನು ತೋಳಿನ ಉದ್ದದಿಂದ ಗುಣಿಸಿದ ಗುಣಲಬ್ಧವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಈ ಎಂಜಿನ್ನು ಹೆಚ್ಚೆಂದರೆ 319 ನ್ಯೂಟನ್-ಮೀಟರು ತಿರುಚುಬಲವನ್ನು ಕೊಡುತ್ತದೆ. ಮೊದಲನೆಯ ಗೇರಿನಲ್ಲಿ ಅದು 4.01 ಪಟ್ಟು, ಟ್ರಾನ್ಸ್‌ಫರ್ ಕೇಸಿನ ಕೆಳಗೇರಿನಲ್ಲಿ 2.72 ಪಟ್ಟು, ಇರುಸಿನ ಕ್ರೌನ್-ಪಿನಿಯನ್ನುಗಳಲ್ಲಿ 3.73 ಪಟ್ಟು ಹೆಚ್ಚುತ್ತದೆ. ಮೂರನ್ನೂ ಗುಣಿಸಿದರೆ 40.7 ಬರುತ್ತದೆ. ಹಲ್ಲುಗಳ ತಿಕ್ಕಾಟದಲ್ಲಿ ನೂರಕ್ಕೆ 15 ಭಾಗ ನಷ್ಟವಾಯಿತೆಂದರೂ ಎರಡು ಇರುಸುಗಳಿಗೂ ಒಟ್ಟಿಗೆ ಸುಮಾರು 11,000 ನ್ಯೂಟನ್-ಮೀಟರು ದೊರೆಯಬಲ್ಲದು.

ಆದರೆ ದೊರೆಯಬಲ್ಲದ್ದೆಲ್ಲವೂ ಬಳಕೆಯಾಗುವುದಿಲ್ಲ. ಟೈರು ನೆಲವನ್ನು ಹಿಡಿಯುವ ಶಕ್ತಿಗೆ ಮಿತಿಯುಂಟು. ಸಾಮಾನುಗಳೊಡನೆ ವಾಹನದ ದ್ರವ್ಯರಾಶಿ 1,800 ಕಿಲೋಗ್ರಾಮು, ಒರಟು ಕಲ್ಲಿನ ಮೇಲೆ ಗಾಳಿ ಇಳಿಸಿದ ಟೈರಿನ ಘರ್ಷಣಾಂಕ 0.9 ಎಂದು ಹಿಡಿದರೆ, ನಾಲ್ಕು ಗಾಲಿಗಳೂ ಒಟ್ಟಾಗಿ ನೆಲವನ್ನು ತಳ್ಳಬಲ್ಲ ಬಲ ಸುಮಾರು 15,900 ನ್ಯೂಟನ್. ಮೂಲ ಟೈರಿನ ತ್ರಿಜ್ಯದಿಂದ ಗುಣಿಸಿದಾಗ ಇದು 5,400 ನ್ಯೂಟನ್-ಮೀಟರು. 35 ಇಂಚಿನ ಟೈರಿಗೆ ಸುಮಾರು 6,700. ಎರಡೂ ಎಂಜಿನ್ನು ಕೊಡಬಲ್ಲ 11,000ಕ್ಕಿಂತ ಬಹಳ ಕಡಿಮೆ. ಅಂದಮೇಲೆ ಇಂತಹ ವಾಹನದಲ್ಲಿ ಇರುಸಿನ ಮೇಲೆ ಬೀಳುವ ಭಾರವನ್ನು ನಿಶ್ಚಯಿಸುವುದು ಎಂಜಿನ್ನಲ್ಲ, ಟೈರು. ಟೈರು ಜಾರಿದೊಡನೆ ತಿರುಚುಬಲದ ಏರಿಕೆ ನಿಲ್ಲುತ್ತದೆ. ಮನೆಯ ವಿದ್ಯುತ್ತಿನ ಫ್ಯೂಸು ಮಿತಿಮೀರಿದ ಪ್ರವಾಹದಿಂದ ಉಪಕರಣವನ್ನು ಕಾಯುವಂತೆ, ಜಾರುವ ಟೈರು ಇರುಸನ್ನು ಕಾಯುತ್ತದೆ. ದೊಡ್ಡ ಟೈರನ್ನು ತೊಡಿಸುವುದೆಂದರೆ ತಂತಿಯನ್ನು ಬದಲಿಸದೆ ದಪ್ಪನಾದ ಫ್ಯೂಸನ್ನು ಹಾಕಿದಂತೆ. ಇನ್ನು, ಎರಡು ಬಂಡೆಗಳ ಸಂದಿಯಲ್ಲಿ ಟೈರು ಸಿಕ್ಕಿಹಾಕಿಕೊಂಡು ಜಾರಲೇ ಆಗದಿದ್ದರೆ ಫ್ಯೂಸೇ ಇಲ್ಲವೆಂದು ತಿಳಿಯಬೇಕು. ಆಗ ಎಂಜಿನ್ನಿನ ಪೂರ್ಣಬಲವೂ ದಂಡದ ಮೇಲೆ ಬರುವ ಸಂಭವವುಂಟು.

ಈ ಸ್ಥಿತಿ ಮೊದಲಿನಿಂದಲೂ ಹೀಗೆಯೇ ಇದ್ದುದಲ್ಲ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಎಂಬಿ ಜೀಪಿನ ಎಂಜಿನ್ನು ಕೊಡುತ್ತಿದ್ದುದು 142 ನ್ಯೂಟನ್-ಮೀಟರು ಮಾತ್ರ. ಅದರ ಮೊದಲನೆಯ ಗೇರು 2.665, ಕೆಳಗೇರು 1.97, ಇರುಸಿನ ಅನುಪಾತ 4.88, ಒಟ್ಟು 25.6 ಪಟ್ಟು. ನಷ್ಟವನ್ನು ಬಿಟ್ಟರೂ ಗಾಲಿಗಳಿಗೆಲ್ಲ ಸೇರಿ 3,640 ನ್ಯೂಟನ್-ಮೀಟರನ್ನು ಮೀರದು. ಭಾರ ಹೊತ್ತ 1,400 ಕಿಲೋಗ್ರಾಮಿನ ಅಂತಹ ಜೀಪು ಒರಟು ಕಲ್ಲಿನ ಮೇಲೆ ಜಾರಬೇಕಾದರೆ ಸುಮಾರು 4,300 ಬೇಕು. ಎಂದರೆ ಒಂದೇ ಸಮನೆ ಎಳೆಯುವಾಗ ಟೈರು ಜಾರುವ ಮೊದಲೇ ಎಂಜಿನ್ನು ನಿಂತುಹೋಗುತ್ತಿತ್ತು. ಬಡ ಎಂಜಿನ್ನೇ ಇರುಸಿಗೆ ರಕ್ಷೆಯಾಗಿತ್ತು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ದಶಕಗಳ ಕಾಲ ದುಡಿದ ಮಹೀಂದ್ರ ಜೀಪುಗಳು ಈ ವಿಲ್ಲಿಸ್ ವಂಶದವೇ. ಆ ಹಳೆಯ ಜೀಪಿನ ಒಡಲಿಗೆ ಬಲವಾದ ಹೊಸ ಎಂಜಿನ್ನನ್ನು ಜೋಡಿಸುವವರು ಈ ರಕ್ಷೆಯನ್ನು ತಾವೇ ತೆಗೆದುಹಾಕುತ್ತಿರುವರೆಂಬುದನ್ನು ಗಮನಿಸಬೇಕು.

ಮುಂದೆ, ಒಂದೊಂದು ದಂಡದ ಪಾಲಿಗೆ ಬರುವುದೆಷ್ಟೆಂಬುದನ್ನು ನೋಡೋಣ. ಸಾಧಾರಣ ಡಿಫರೆನ್ಷಿಯಲು ಎಡಬಲಗಳ ಎರಡು ದಂಡಗಳಿಗೂ ಸಮನಾದ ತಿರುಚುಬಲವನ್ನೇ ಕೊಡುತ್ತದೆ. ಒಂದು ಗಾಲಿ ಗಾಳಿಯಲ್ಲಿ ತೇಲಿದರೆ ಅದಕ್ಕೆ ಬೇಕಾದ ಬಲ ಅತ್ಯಲ್ಪ. ನೆಲದ ಮೇಲಿರುವ ಇನ್ನೊಂದಕ್ಕೂ ಅಷ್ಟೇ ದೊರೆಯುವುದು. ವಾಹನ ಮುಂದೆ ಸರಿಯುವುದಿಲ್ಲ, ದಂಡವೂ ಮುರಿಯುವುದಿಲ್ಲ. ಹಿಂದಿನ ಇರುಸಿನ ಮೇಲೆ ನೂರಕ್ಕೆ 60ರಷ್ಟು ಭಾರ ಬಿದ್ದು, ಎರಡು ಗಾಲಿಗಳಿಗೂ ಅದು ಸಮನಾಗಿ ಹಂಚಿಹೋದರೆ, 35 ಇಂಚಿನ ಟೈರಿನಲ್ಲಿ ಒಂದು ದಂಡಕ್ಕೆ ಬರುವ ತಿರುಚುಬಲ ಹೆಚ್ಚೆಂದರೆ 2,000 ನ್ಯೂಟನ್-ಮೀಟರು. ಈಗ ಡಿಫರೆನ್ಷಿಯಲಿಗೆ ಲಾಕರ್ ಎಂಬ ಬೀಗವನ್ನು ತೊಡಿಸಿ ಎರಡು ದಂಡಗಳನ್ನೂ ಒಂದಾಗಿ ಬಿಗಿದೆವೆನ್ನೋಣ. ಕಡಿದಾದ ಏರಿನಲ್ಲಿ ಒಂದು ಹಿಂಗಾಲಿ ನೆಲಬಿಟ್ಟು, ವಾಹನದ ಅರ್ಧ ಭಾರವೆಲ್ಲ ಇನ್ನೊಂದರ ಮೇಲೆ ನಿಂತಿತು. ಇಳಿಜಾರಿನ ಕೋನದಿಂದಾಗುವ ತಿದ್ದುಪಡಿಯನ್ನು ಬಿಟ್ಟು ಲೆಕ್ಕ ಹಾಕಿದರೆ, ಮೂಲ ಟೈರಿನಲ್ಲಿ ಆ ಒಂದೇ ದಂಡಕ್ಕೆ 2,700 ನ್ಯೂಟನ್-ಮೀಟರೂ, 35 ಇಂಚಿನದರಲ್ಲಿ 3,340 ನ್ಯೂಟನ್-ಮೀಟರೂ ಬರುತ್ತವೆ. ಇಲ್ಲಿ ಒಂದು ಸಂಗತಿ ವಿಶೇಷವಾಗಿ ಲಕ್ಷ್ಯಕ್ಕೆ ಅರ್ಹವಾಗಿದೆ. ಬೀಗವಿಲ್ಲದ ದೊಡ್ಡ ಟೈರಿಗಿಂತ ಬೀಗವುಳ್ಳ ಸಣ್ಣ ಟೈರೇ ದಂಡವನ್ನು ಹೆಚ್ಚು ತಿರುಚುತ್ತದೆ. ಟೈರಿನ ವ್ಯಾಸವೊಂದನ್ನೇ ಕೇಳಿ ಇರುಸಿನ ಯೋಗ್ಯತೆಯನ್ನು ತೀರ್ಮಾನಿಸುವವರು ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ಬಿಟ್ಟಂತಾಯಿತು.

ದಂಡವು ಇದನ್ನು ತಾಳಬಲ್ಲುದೆ? ದುಂಡಾದ ದಂಡವನ್ನು ತಿರುಚಿದಾಗ ಅದರ ಮೇಲ್ಮೈಯಲ್ಲಿ ಉಂಟಾಗುವ ಪೀಡನವು, ತಿರುಚುಬಲದ 16 ಪಟ್ಟನ್ನು ಪೈ ಹಾಗೂ ವ್ಯಾಸದ ಘನ ಇವುಗಳ ಗುಣಲಬ್ಧದಿಂದ ಭಾಗಿಸಿದಷ್ಟು. ವ್ಯಾಸದ ಘನವೆಂಬ ಮಾತಿನಲ್ಲಿಯೇ ಎಲ್ಲ ಗುಟ್ಟೂ ಅಡಗಿದೆ. ಟಿಜೆಯ ಹಲವು ಮಾದರಿಗಳಲ್ಲಿ ಹಿಂದಿದ್ದ ಡೇನಾ 35 ಎಂಬ ಇರುಸಿನ ದಂಡ 27 ಗೀರುಹಲ್ಲುಗಳದು. ಅದರ ವ್ಯಾಸ ಸುಮಾರು 1.18 ಇಂಚು, ಎಂದರೆ 30 ಮಿಲಿಮೀಟರು. ಡೇನಾ 44ರದು 30 ಗೀರುಹಲ್ಲು, 1.31 ಇಂಚು. ಡೇನಾ 60ರದು, 35 ಗೀರುಹಲ್ಲಿನ ಮಾದರಿಯಲ್ಲಿ, 1.5 ಇಂಚು. ಕೈಯಲ್ಲಿ ಹಿಡಿದು ನೋಡಿದರೆ ಮೊದಲೆರಡರ ನಡುವೆ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚಿನ ಅಂತರವಷ್ಟೆ. ಆದರೆ ಘನಮಾಡಿದಾಗ ಡೇನಾ 44ರ ದಂಡ ನೂರಕ್ಕೆ 37ರಷ್ಟು ಹೆಚ್ಚು ಬಲವುಳ್ಳದ್ದಾಗುತ್ತದೆ, ಡೇನಾ 60ರದು ಎರಡು ಪಟ್ಟನ್ನು ಮೀರುತ್ತದೆ. ನಮ್ಮ ವಾಹನಕ್ಕೆ ಅನ್ವಯಿಸಿದರೆ, ಡೇನಾ 35ರ ದಂಡದಲ್ಲಿ ಮೂಲ ಟೈರಿನಿಂದ 509 ಮೆಗಾಪಾಸ್ಕಲ್, 35 ಇಂಚಿನದರಿಂದ 630 ಮೆಗಾಪಾಸ್ಕಲ್ ಪೀಡನ ಬರುತ್ತದೆ. ಅದೇ 35 ಇಂಚಿನ ಟೈರು ಡೇನಾ 44ರ ದಂಡದಲ್ಲಿ ತರುವುದು 460 ಮಾತ್ರ. ಡೇನಾ 60ರಲ್ಲಿ 308. ಎಳೆತದಲ್ಲಿ 1,000 ಮೆಗಾಪಾಸ್ಕಲಿಗೆ ಸೋಲುವ ಉಕ್ಕು ತಿರುಚಿನಲ್ಲಿ ಸುಮಾರು 577ಕ್ಕೇ ಸೋಲುತ್ತದೆಂಬುದನ್ನು ನೆನೆದರೆ, 509ಕ್ಕೂ 630ಕ್ಕೂ ನಡುವಣ ಅಂತರ ಎಂತಹುದೆಂಬುದು ಸ್ಪಷ್ಟವಾಗುತ್ತದೆ.

ಲೋಹದ ಗುಣವೂ ಇಲ್ಲಿ ಗಣನೀಯವೇ. ತಿರುಚಿದ ದಂಡದ ನಟ್ಟನಡುವೆ ಪೀಡನ ಶೂನ್ಯ, ಹೊರಮೈಯಲ್ಲಿ ಅತ್ಯಧಿಕ. ಆದುದರಿಂದಲೇ ಕಾರ್ಖಾನೆಗಳು ಮಧ್ಯಮ ಇಂಗಾಲದ ಉಕ್ಕನ್ನು ತೆಗೆದುಕೊಂಡು ಮೇಲ್ಮೈಯನ್ನು ಮಾತ್ರ ವಿದ್ಯುತ್ಪ್ರೇರಣೆಯಿಂದ ಕಾಯಿಸಿ ಗಟ್ಟಿಮಾಡುತ್ತವೆ. ಇದು ಅಗ್ಗವೂ ಹೌದು, ಯುಕ್ತವೂ ಹೌದು. ಕ್ರೋಮಿಯಂ, ಮಾಲಿಬ್ಡಿನಂ, ನಿಕಲ್ ಬೆರೆತ 4340 ಎಂಬ ಮಿಶ್ರಲೋಹದ ದಂಡಗಳು ಇದಕ್ಕಿಂತ ಹೆಚ್ಚಿನದನ್ನು ತಾಳಬಲ್ಲವು. ಆದರೆ ಎಂತಹ ದಂಡವಾದರೂ ಮುರಿಯುವುದು ಸಾಮಾನ್ಯವಾಗಿ ಗೀರುಹಲ್ಲುಗಳು ಮುಗಿಯುವ ಅಂಚಿನಲ್ಲಿ. ಅಲ್ಲಿ ಹಲ್ಲಿನ ಬುಡದ ವ್ಯಾಸವೂ ಕಿರಿದು, ಚೂಪಾದ ಮೂಲೆಗಳಲ್ಲಿ ಪೀಡನವೂ ದಟ್ಟೈಸುತ್ತದೆ.

ಇದುವರೆಗೆ ನಿಧಾನವಾಗಿ ಏರುವ ಭಾರವನ್ನೇ ವಿಚಾರಿಸಿದ್ದಾಯಿತು. ಬಂಡೆಯ ಹಾದಿಯಲ್ಲಿ ದಂಡಗಳನ್ನು ನಿಜವಾಗಿ ಮುರಿಯುವುದು ಹಠಾತ್ತಾದ ಹೊಡೆತ. ಗಾಳಿಯಲ್ಲಿ ಗಿರ್ರನೆ ತಿರುಗುತ್ತಿದ್ದ ಗಾಲಿ ನೆಲಕ್ಕೆ ಬಿದ್ದು ತಟ್ಟನೆ ಕಚ್ಚಿಕೊಂಡಾಗ ದಂಡ ಮುರಿಯುತ್ತದೆ. ದೊಡ್ಡ ಟೈರಿನ ತೂಕವೇ ಇದಕ್ಕೆ ಕಾರಣವೆಂದು ಬಲುಮಟ್ಟಿಗೆ ನಂಬಿಕೆಯಿದೆ. ಟೈರು, ರಿಮ್ಮುಗಳ ತೂಕ ಇಮ್ಮಡಿಸಿ ವ್ಯಾಸವೂ 1.24 ಪಟ್ಟಾದರೆ ಗಾಲಿಯ ಭ್ರಮಣ ಜಡತ್ವ ಮೂರು ಪಟ್ಟಾಗುವುದು ನಿಜ. ಆದರೆ ಈ ವಿವರಣೆಯನ್ನು ನಾವು ಒಪ್ಪಲಾರೆವು. ನೆಲಕ್ಕೆ ಬಿದ್ದ ಗಾಲಿಯನ್ನು ನಿಲ್ಲಿಸುವುದು ನೆಲ. ಅದರ ಜಡತ್ವ ದಂಡದ ಹೊರತುದಿಯಲ್ಲಿದೆ, ದಂಡದ ಮೂಲಕ ಹಾಯುವುದಿಲ್ಲ. ದಂಡದ ಒಳತುದಿಯಲ್ಲಿ ಇನ್ನೂ ಮುಂದಕ್ಕೆ ತಿರುಗಲೆಳಸುವ ವಸ್ತು ಬೇರೊಂದಿದೆ. ಅದೇ ಎಂಜಿನ್ನಿನ ಫ್ಲೈವೀಲು. ಅದರ ಮತ್ತು ಜೊತೆಯ ತಿರುಗುವ ಭಾಗಗಳ ಜಡತ್ವವನ್ನು 0.2 ಕಿಲೋಗ್ರಾಮ್-ಚದರ ಮೀಟರೆಂದು ಹಿಡಿದರೂ, ಗೇರುಗಳ ಮೂಲಕ ನೋಡಿದಾಗ ಅದು ಅನುಪಾತದ ವರ್ಗದಿಂದ ಗುಣಿತವಾಗುತ್ತದೆ. 40.7ರ ವರ್ಗ ಸುಮಾರು 1,656. ದಂಡಕ್ಕೆ ಅದು 331 ಕಿಲೋಗ್ರಾಮ್-ಚದರ ಮೀಟರಿನ ಭಾರೀ ಚಕ್ರದಂತೆ ತೋರುತ್ತದೆ. ಇದರ ಮುಂದೆ ನಾಲ್ಕೈದು ಕಿಲೋಗ್ರಾಮ್-ಚದರ ಮೀಟರಿನ ಗಾಲಿ ಎಲ್ಲಿಯ ಲೆಕ್ಕ? ಎಂಜಿನ್ನು ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದ್ದರೆ ಆ ಫ್ಲೈವೀಲಿನಲ್ಲಿ ಸುಮಾರು 2,460 ಜೂಲುಗಳ ಶಕ್ತಿ ಸಂಗ್ರಹವಾಗಿರುತ್ತದೆ. ಸುತ್ತು ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಈ ಶಕ್ತಿಗೆ ಟೈರು ಜಾರಿ ದಾರಿಮಾಡಿಕೊಡಬೇಕು, ಇಲ್ಲವೆ ದಂಡ ತಿರುಚಿಕೊಂಡು ನುಂಗಬೇಕು. ದೊಡ್ಡ ಟೈರು ಜಾರಲು ಹೆಚ್ಚು ತಿರುಚುಬಲವನ್ನು ಬೇಡುವುದರಿಂದ ದಂಡದ ಪಾಲು ಹೆಚ್ಚುತ್ತದೆ. ಗಾಲಿಯ ಸ್ವಂತ ಜಡತ್ವವು ದಂಡವನ್ನು ಕಾಡುವ ಸಂದರ್ಭಗಳೂ ಇಲ್ಲದಿಲ್ಲ. ತಿರುಗುತ್ತಿರುವ ಗಾಲಿಗೆ ಲಾಕರ್ ತಟ್ಟನೆ ಕಚ್ಚಿಕೊಂಡಾಗ, ಅಥವಾ ಏರಿನಲ್ಲಿ ಗಾಲಿಗಳು ನೆಲವನ್ನು ಹಿಡಿದು ಬಿಟ್ಟು ಕುಪ್ಪಳಿಸತೊಡಗಿದಾಗ ಅದು ಮುನ್ನೆಲೆಗೆ ಬರುತ್ತದೆ.

ಇದರಿಂದ ಚಾಲಕನ ಬಲಗಾಲಿಗೂ ಇರುಸಿನ ಆಯುಷ್ಯಕ್ಕೂ ಇರುವ ಸಂಬಂಧ ತಾನಾಗಿಯೇ ವಿಶದವಾಗುತ್ತದೆ. ಆಳವಾದ ಕೆಳಗೇರು ಇರುಸನ್ನು ಮುರಿಯುತ್ತದೆಂಬ ಭಯವೂ ಬಹುಪಾಲು ನಿರಾಧಾರವೆಂದು ತೋರುತ್ತದೆ. 2003ರ ಮಾದರಿಯಲ್ಲಿ ಬಂದ ರೂಬಿಕಾನ್ ಎಂಬ ವಿಶೇಷ ರ‍್ಯಾಂಗ್ಲರಿನಲ್ಲಿ ಟ್ರಾನ್ಸ್‌ಫರ್ ಕೇಸಿನ ಕೆಳಗೇರು 4 ಪಟ್ಟಿನದು; ಹಿಂದೆ ಮುಂದೆ ಎರಡೂ ಕಡೆ ಡೇನಾ 44 ಇರುಸುಗಳು, ಎರಡಕ್ಕೂ ಬೀಗ. ಟೈರಿನ ಮಿತಿಯನ್ನು ಮೀರಿ ತಿರುಚುಬಲ ಹೇಗೂ ಹೋಗದಿರುವುದರಿಂದ ಕೆಳಗೇರಿನ ಲಾಭ ಬಲದಲ್ಲಿಲ್ಲ, ನಿಧಾನದಲ್ಲಿದೆ. ಎಂಜಿನ್ನು ಮೆಲ್ಲನೆ ತಿರುಗುತ್ತಲೇ ಗಾಲಿ ತೆವಳುವಂತಾದರೆ, ಗಾಲಿಯನ್ನು ರಭಸದಿಂದ ತಿರುಗಿಸಿ ಅದೃಷ್ಟವನ್ನು ಪರೀಕ್ಷಿಸುವ ಪ್ರಮೇಯವೇ ಬಾರದು.

ದೊಡ್ಡ ಟೈರನ್ನು ಹಾಕಿದವರು ಇರುಸಿನ ಅನುಪಾತವನ್ನೂ ಬದಲಿಸುವುದುಂಟು, 3.73ರ 1.24 ಪಟ್ಟು 4.6, ಅದಕ್ಕೆ ಸಮೀಪವಾಗಿ 4.56 ದೊರೆಯುತ್ತದೆ. ಮೊದಲನೆಯದರಲ್ಲಿ ಕ್ರೌನಿಗೆ 41, ಪಿನಿಯನ್ನಿಗೆ 11 ಹಲ್ಲು. ಎರಡನೆಯದರಲ್ಲಿ 41ಕ್ಕೆ 9. ಪಿನಿಯನ್ನು ಕಿರಿದಾಗುತ್ತದೆ, ಒಮ್ಮೆಗೆ ಕಚ್ಚಿಕೊಂಡಿರುವ ಹಲ್ಲುಗಳ ಆಸರೆಯೂ ತಗ್ಗುತ್ತದೆ. ಇದಕ್ಕೆ ಪ್ರತಿಯಾಗಿ ಪ್ರೊಪೆಲರ್ ಶಾಫ್ಟಿನ ಮೇಲಿನ ಭಾರ ಇಳಿಯುತ್ತದೆ. ಕ್ರೌನಿನ ವ್ಯಾಸವು ಡೇನಾ 35ರಲ್ಲಿ 7.56 ಇಂಚು, 44ರಲ್ಲಿ 8.5, 60ರಲ್ಲಿ 9.75. ಡೇನಾ 35ಕ್ಕೆ ದಂಡಗಳನ್ನು ಮಾತ್ರ ಮಿಶ್ರಲೋಹದವುಗಳಾಗಿ ಬದಲಿಸಿದರೆ ದುರ್ಬಲ ಕೊಂಡಿ ದಂಡದಿಂದ ಕ್ರೌನಿಗೆ ವರ್ಗವಾಗುತ್ತದೆ. ಮುರಿದ ದಂಡವನ್ನು ಹಾದಿಯಲ್ಲಿಯೇ ಬದಲಿಸಬಹುದು; ಮುರಿದ ಕ್ರೌನನ್ನು ಬದಲಿಸುವುದು ಮರದಡಿಯಲ್ಲಿ ಆಗುವ ಕೆಲಸವಲ್ಲ.

ವಾಹನದ ತೂಕವನ್ನು ಬಿಟ್ಟು ಟೈರಿನ ಇಂಚುಗಳನ್ನಷ್ಟೇ ಇರುಸಿನ ಹೆಸರುಗಳೊಡನೆ ಜೋಡಿಸುವ ಪಟ್ಟಿಗಳು ಬಳಕೆಯಲ್ಲಿವೆ. ಅವು ಅಪೂರ್ಣವೆಂದು ನಮ್ಮ ಅಭಿಪ್ರಾಯ. ಕಬ್ಬಿಣದ ಬಂಪರು, ವಿಂಚು, ರಕ್ಷಾಕವಚ, ಸಾಮಾನುಗಳೆಲ್ಲ ಸೇರಿ 1,800 ಕಿಲೋಗ್ರಾಮು 2,600 ಆದರೆ, ಅದೇ 35 ಇಂಚಿನ ಟೈರಿನಲ್ಲಿ ದಂಡದ ತಿರುಚುಬಲ 4,820 ನ್ಯೂಟನ್-ಮೀಟರಿಗೆ ಏರುತ್ತದೆ. ಡೇನಾ 44ರ ದಂಡದಲ್ಲಿಯೂ ಪೀಡನ 665 ಮೆಗಾಪಾಸ್ಕಲ್ ಆಗುತ್ತದೆ. ಹಗುರವಾದ ವಾಹನಕ್ಕೆ ಸಾಕಾಗಿದ್ದ ಇರುಸು ಭಾರವಾದುದಕ್ಕೆ ಸಾಲದು. ಅಲ್ಲಿ ಡೇನಾ 60ರ ವರ್ಗದ್ದೇ ಬೇಕು.

ತಿರುಚಿನ ಜೊತೆಗೆ ಬಾಗುವಿಕೆಯೂ ಉಂಟು. ಅರೆತೇಲುವ ಇರುಸಿನಲ್ಲಿ ದಂಡವೇ ವಾಹನದ ಭಾರವನ್ನೂ ಹೊರುತ್ತದೆ. ಪೂರ್ಣವಾಗಿ ತೇಲುವ ಇರುಸಿನಲ್ಲಿ ಹಬ್ಬು ಎರಡು ಬೇರಿಂಗುಗಳ ಮೇಲೆ ಕೊಳವೆಯ ತುದಿಯಲ್ಲಿ ಕುಳಿತು ಭಾರವನ್ನು ಹೊರುತ್ತದೆ, ದಂಡ ತಿರುಚನ್ನು ಮಾತ್ರ ತಾಳುತ್ತದೆ. ಯುದ್ಧಕಾಲದ ವಿಲ್ಲಿಸ್ ಜೀಪಿನ ಹಿಂದಿನ ಇರುಸು ಈ ಎರಡನೆಯ ಬಗೆಯದಾಗಿತ್ತೆಂಬುದು ಗಮನಾರ್ಹ. ಡೇನಾ 35 ಮೊದಲನೆಯ ಬಗೆಯದು. ಮೇಲಾಗಿ ಟಿಜೆಯಲ್ಲಿ ಅದರ ದಂಡವನ್ನು ಹಿಡಿದಿಡುವುದು ಡಿಫರೆನ್ಷಿಯಲಿನ ಒಳಗಿರುವ ಕುದುರೆಲಾಳದಂತಹ ಒಂದು ಕ್ಲಿಪ್ಪು. ದಂಡ ಮುರಿದರೆ ಹೊರತುಂಡನ್ನು ಹಿಡಿದಿಡುವವರಿಲ್ಲ. ಗಾಲಿಯೊಡನೆ ಅದು ಕೊಳವೆಯಿಂದ ಜಾರಿ ಹೊರಬೀಳಬಹುದು. ಟಿಜೆಯ ಡೇನಾ 44ರಲ್ಲಿ ಹೊರಬೇರಿಂಗೇ ದಂಡವನ್ನು ಕಾದಿಡುವುದರಿಂದ ಮುರಿದರೂ ಗಾಲಿ ಸ್ಥಾನ ಬಿಡುವುದಿಲ್ಲ. ಬಲದ ಲೆಕ್ಕದಲ್ಲಿ ಕಾಣಿಸದ ಈ ಭೇದವೇ ನಮ್ಮ ದೃಷ್ಟಿಯಲ್ಲಿ ಇವೆರಡರ ನಡುವಣ ಅತಿ ಮುಖ್ಯವಾದ ಭೇದ.

ಮುಂದಿನ ಇರುಸಿನಲ್ಲಿ ಮೊದಲು ಸೋಲುವುದು ಪ್ರಾಯಶಃ ಯೂನಿವರ್ಸಲ್ ಜಾಯಿಂಟು. ಗಾಲಿಯನ್ನು 30 ಡಿಗ್ರಿ ತಿರುಗಿಸಿದಾಗ ಒಂದೇ ಸುತ್ತಿನಲ್ಲಿ ಹೊರದಂಡದ ವೇಗವು ಒಳದಂಡದ ವೇಗದ 0.87 ಪಟ್ಟಿನಿಂದ 1.15 ಪಟ್ಟಿನ ವರೆಗೆ ಏರಿಳಿಯುತ್ತದೆ. ಜಾಯಿಂಟಿನ ಕಿವಿಗಳ ಮೇಲಿನ ಒತ್ತಡವೂ ಹಾಗೆಯೇ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿಟ್ಟು ಬಲ ಕೊಡಬಾರದೆಂಬ ಅನುಭವಿಗಳ ಮಾತಿಗೆ ಇದೇ ಆಧಾರ. ಬ್ರೇಕಿನ ವಿಷಯ ಸರಳವಾದುದು. ಅದೇ ಬ್ರೇಕು ದೊಡ್ಡ ಟೈರಿನ ತಳದಲ್ಲಿ ಮೊದಲಿನ ನೂರಕ್ಕೆ 81ರಷ್ಟು ಬಲವನ್ನು ಮಾತ್ರ ಉಂಟುಮಾಡುತ್ತದೆ. ಅತ್ತ ವೇಗಮಾಪಕ 80 ಕಿಲೋಮೀಟರೆಂದು ತೋರಿಸುವಾಗ ವಾಹನ 99ರಲ್ಲಿ ಓಡುತ್ತಿರುತ್ತದೆ. ನಮ್ಮ ದೇಶದಲ್ಲಿ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವ ಮಾರ್ಪಾಡುಗಳು ಸಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿರುವುದನ್ನೂ ಇಲ್ಲಿ ಸ್ಮರಿಸಬಹುದು.

ದಂಡವನ್ನು ದಪ್ಪಮಾಡದೆಯೇ ದೊಡ್ಡ ಟೈರನ್ನು ತಿರುಗಿಸುವ ಇನ್ನೊಂದು ಉಪಾಯವುಂಟು. ತಿರುಚುಬಲದ ಕೊನೆಯ ವೃದ್ಧಿಯನ್ನು ಗಾಲಿಯ ಹಬ್ಬಿನಲ್ಲಿಯೇ ನಡೆಸುವುದು. ಜರ್ಮನಿಯ ಯೂನಿಮಾಗ್ ಈ ಕ್ರಮವನ್ನು ಅನುಸರಿಸಿತು. 1985ರಿಂದ ತಯಾರಾದ ಅಮೆರಿಕ ಸೈನ್ಯದ ಹಮ್ವೀಯಲ್ಲಿಯೂ ಇದೇ ಏರ್ಪಾಡಿದೆ. ಹಮ್ವೀಯ ಟೈರು 37 ಇಂಚಿನದು. ಪ್ರತಿಯೊಂದು ಹಬ್ಬಿನಲ್ಲಿಯೂ 1.92 ಪಟ್ಟಿನ ಗೇರುಜೋಡಿಯಿದೆ. ಗಾಲಿಗೆ 3,340 ನ್ಯೂಟನ್-ಮೀಟರು ಬೇಕಾದರೆ ಇಂತಹ ಏರ್ಪಾಡಿನಲ್ಲಿ ದಂಡದ ಮೂಲಕ ಹಾಯುವುದು 1,740 ಮಾತ್ರ. ಗೇರುಜೋಡಿ ಒಂದರ ಮೇಲೊಂದಿರುವುದರಿಂದ ದಂಡವು ಗಾಲಿಯ ಕೇಂದ್ರಕ್ಕಿಂತ ಎತ್ತರದಲ್ಲಿ ಸಾಗಿ ನೆಲದಿಂದ ಇನ್ನಷ್ಟು ದೂರವಾಗುತ್ತದೆ. ಬ್ರೇಕುಗಳನ್ನು ಗಾಲಿಯಲ್ಲಿಡದೆ ಒಳಗೆ ಡಿಫರೆನ್ಷಿಯಲಿನ ಪಕ್ಕದಲ್ಲಿಟ್ಟಿರುವುದರಿಂದ ಬ್ರೇಕಿನ ತಿರುಚುಬಲವೂ ದಂಡದ ಮೂಲಕವೇ ಹಾಯಬೇಕಾಗುತ್ತದೆ; ಆದರೆ ಅದೂ 1.92ರಿಂದ ಭಾಗಿತವಾಗಿ ಬರುವುದರಿಂದ ಸಣ್ಣ ತಟ್ಟೆಗಳೇ ಸಾಕಾಗುತ್ತವೆ. ದಂಡವು ಕಳಚಿಕೊಂಡ ಭಾರವನ್ನು ಹಬ್ಬಿನ ಹಲ್ಲುಗಳೂ ಅದರ ಕವಚವೂ ಹೊರಬೇಕಾಗಿ, ನಾಲ್ಕು ಹಬ್ಬುಗಳಿಗೂ ಪ್ರತ್ಯೇಕವಾಗಿ ಎಣ್ಣೆ, ಸೀಲು, ಬೇರಿಂಗುಗಳ ಆರೈಕೆ ನಡೆಯಬೇಕಾಗುತ್ತದೆ.